ಮದುವೆಯ ವೀಳ್ಯವೂ ಮುಯ್ಯಿಯೂ

ಲಗ್ನದ ತಿಥಿಯು ಗೊತ್ತಾಗಿ ಹಂದರದ ಮುಹೂರ್ತವು ನಿಶ್ಚಯವಾದ ಮೇಲೆ ಮನೆಯ ಹಿರಿಯರ ಮುಂದೆ ಅನೇಕ ಪ್ರಶ್ನೆಗಳು ಒಂದರ ಹಿಂದೊಂದಾಗಿ ಬಂದು ನಿಲ್ಲುವವು. ಬೀಗರ ಸತ್ಕಾರ, ಅಡಿಗೆಯ ಏರ್ಪಾಡು, ವಾದ್ಯ, ದೀಪ ಇವುಗಳ ವಿಚಾರವು ಬೇಗನೆ ಮುಗಿಯುವದು. ಏಕೆಂದರೆ ಇವುಗಳಿಗೆ ಮನೆತನದ ರೂಢಿಯೂ ಕೈಯಲ್ಲಿಯ ಹಣವೂ ಮೇರೆಯನ್ನು ಹಾಕಿಕೊಡುವವು. ಆದರೆ ಉಂಡು, ಹರಸಿ, ಹೊರಡುವ ಅತಿಥಿಯ ಕೈಯಲ್ಲಿ ಏನನ್ನಿಡಬೇಕು ಎಂಬ ಪ್ರಶ್ನೆಯು ಮಾತ್ರ ಸುಲಭವಾಗಿ ಬಗೆಹರಿಯದು. ಎಲೆಯಡಿಕೆಯೇ ಸಾಕೆಂದು ಅಜ್ಜಿಯು ಹೇಳುವಳು. ತೆಂಗಿನಕಾಯಿಯಾದರೂ ಇರಲೆಂದು ತಾಯಿಯು ಹೇಳುವಳು. ಹೋದ ಸುಗ್ಗಿಯಲ್ಲಿ ನೆರೆಯವರು ಹೆಸರು ಕೆತ್ತಿಸಿದ ಉಕ್ಕಿನ ಡಬ್ಬಿಯನ್ನು ಹಂಚಿದರೆಂಬದನ್ನು ಮಗನು ನೆನಪಿಸುವನು. ಆ ಡಬ್ಬಿಯ ಮಾತು ಬಂದ ಕೂಡಲೆ ಎಲ್ಲರೂ ಸುಮ್ಮನಾಗುವರು. ಆ ಮೌನದಲ್ಲಿ ಲೆಕ್ಕವೂ ಇರುವದು, ಭಯವೂ ಇರುವದು.

ಗೋಕಾವಿಯ ನೆರೆಯಲ್ಲಿ, ಘಟಪ್ರಭೆಯ ಎಡದಂಡೆಯ ಸೀಮೆಯಲ್ಲಿರುವ ಕಲ್ಲೋಳಿಯಂಥ ಊರುಗಳ ಮನೆಗಳಲ್ಲಿ ಈ ಪ್ರಶ್ನೆಯು ಹೊಸದಲ್ಲ. ಅತಿಥಿಗೆ ಕೊಡತಕ್ಕ ವಸ್ತುವಿನ ಆಯ್ಕೆಯ ಹಿಂದೆ ಒಂದು ದೀರ್ಘವಾದ ಇತಿಹಾಸವಿರುವದು. ಕೊಡುವದರಲ್ಲಿ ಎಷ್ಟು ಬಗೆಗಳಿವೆ, ಯಾವ ಕೊಡುಗೆಯು ಪಡೆದವನನ್ನು ಗೌರವಿಸುವದು, ಯಾವದು ಅವನನ್ನು ಕಟ್ಟಿಹಾಕುವದು ಎಂಬದನ್ನು ಈ ನಾಡಿನ ಶಾಸನಗಳೂ ನುಡಿಯೂ ಸ್ಪಷ್ಟವಾಗಿ ತೋರಿಸಿಕೊಡುವವು. ಆ ಇತಿಹಾಸವನ್ನು ಮರೆತಾಗಲೇ ಆಯ್ಕೆಯು ಕಠಿಣವಾಗುವದು.

ಕಲ್ಲೋಳಿಯ ಪ್ರಾಚೀನ ನಾಮವು ಕಲ್ಪೊಳೆ. ರಟ್ಟರ ಕಾಲದಲ್ಲಿ ಇದು ಕೂಂಡಿ ಮೂರುಸಾವಿರ ನಾಡಿನೊಳಗಿನ ಕುರುಂಬೆಟ್ಟ ಕಂಪಣಕ್ಕೆ ಸೇರಿದ ಊರಾಗಿತ್ತು. ಶಕ 1127ನೆಯ ರಕ್ತಾಕ್ಷಿ ಸಂವತ್ಸರದ, ಅಂದರೆ ಕ್ರಿ. ಶ. 1204ರ, ಒಂದು ಶಾಸನವು ಇಲ್ಲಿರುವದು. ಇದನ್ನು 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಮುಂಬಯಿಯ ಏಷಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವೇಣುಗ್ರಾಮದಿಂದ, ಅಂದರೆ ಈಗಿನ ಬೆಳಗಾವಿಯಿಂದ, ತಮ್ಮನಾದ ಮಲ್ಲಿಕಾರ್ಜುನನೊಡನೆ ಆಳುತ್ತಿದ್ದ ನಾಲ್ಮಡಿ ಕಾರ್ತವೀರ್ಯನು ಕಲ್ಪೊಳೆಯ ಶಾಂತಿನಾಥ ಬಸದಿಗೆ ಭೂಮಿಯನ್ನು ದತ್ತಿಯಾಗಿ ಕೊಟ್ಟು ಶುಭಚಂದ್ರ ಭಟ್ಟಾರಕರಿಗೆ ಒಪ್ಪಿಸಿದನೆಂದು ಇದರಿಂದ ತಿಳಿಯುವದು.

ಈ ಶಾಸನವು ಮದುವೆಯ ವಿಚಾರಕ್ಕೆ ಹೇಗೆ ಸಂಬಂಧಿಸುವದೆಂದು ವಾಚಕರು ಕೇಳಬಹುದು. ಸಂಬಂಧವು ಎರಡು ಬಗೆಯಾಗಿರುವದು. ಮೊದಲನೆಯದಾಗಿ, ಆ ಬಸದಿಯನ್ನು ಕಟ್ಟಿಸಿದವನು ರಟ್ಟ ವಂಶದವನಲ್ಲ, ಬೀಗರ ವಂಶದವನು. ಕಾರ್ತವೀರ್ಯನ ತಾಯಿಯಾದ ಚಂದ್ರಿಕಾದೇವಿಯು ಯಾದವ ಕುಲದ ಒಂದು ಸಾಮಂತ ಮನೆತನದ ಮಗಳು. ಅವಳ ತವರಿನವನಾದ ರಾಜನೆಂಬವನೇ ಕಲ್ಪೊಳೆಯ ಶಾಂತಿನಾಥ ಬಸದಿಯನ್ನು ನಿರ್ಮಿಸಿದವನು. ಶಾಸನವು ಅರಸರ ವಂಶವನ್ನು ಹೊಗಳಿದಂತೆಯೇ ಅರಸಿಯ ತವರಿನ ವಂಶವನ್ನೂ ಹೊಗಳುವದು. ಒಂದು ಮದುವೆಯಿಂದ ಕೂಡಿದ ಎರಡು ಮನೆತನಗಳು ಒಂದೇ ಕಲ್ಲಿನ ಮೇಲೆ ನಿಂತಿರುವವು. ಎರಡನೆಯದಾಗಿ, ಇಂಥ ದತ್ತಿಗಳನ್ನು ಕೊಡುವ ವಿಧಾನವು ನೀರೆರೆದು ಕೊಡುವ ವಿಧಾನ. ಶಾಸನಗಳಲ್ಲಿ ಇದಕ್ಕೆ ‘ಧಾರಾಪೂರ್ವಕ’ ಎಂಬ ಮಾತು ರೂಢವಾಗಿರುವದು. ಮದುವೆಯ ಮಂಟಪದಲ್ಲಿ ಕನ್ಯೆಯನ್ನು ಕೊಡುವದಕ್ಕೂ ಕನ್ನಡಿಗರು ಇದೇ ‘ಧಾರೆ’ಯ ಮಾತನ್ನೇ ಬಳಸುತ್ತ ಬಂದಿರುವರು. ಧಾರೆಯೆರೆದದ್ದು ಹಿಂದಿರುಗದು, ಪಡೆದವನು ಮರಳಿ ಕೊಡಬೇಕಾಗಿಲ್ಲ, ಕೊಟ್ಟವನು ಮರಳಿ ಕೇಳಕೂಡದು. ಆದರೆ ಅದು ಸಿದ್ಧಿಸುವದಕ್ಕೆ ನೋಡುವವರು ಬೇಕು. ದತ್ತಿಗೆ ಊರಿನ ಪ್ರಮುಖರೂ ವರ್ತಕ ಸಂಘದವರೂ ಸಾಕ್ಷಿಗಳಾದಂತೆ ಮದುವೆಗೆ ಬಂಧುಗಳೂ ಇಷ್ಟರೂ ಊರವರೂ ಸಾಕ್ಷಿಗಳು.

ಹೀಗಿರಲು ಮದುವೆಯ ಅತಿಥಿಯು ಕೇವಲ ಉಣ್ಣಲು ಬಂದವನಲ್ಲ; ಒಂದು ಕಾರ್ಯವನ್ನು ಮಾಡಲು ಬಂದವನು. ಇಂಥವರ ಮಗಳನ್ನು ಇಂಥವರ ಮಗನಿಗೆ ಕೊಟ್ಟುದನ್ನು ಕಂಡೆನೆಂದು ನಾಳೆ ಹೇಳುವವನು ಅವನು. ವಿವಾಹವನ್ನು ಕಾಗದದಲ್ಲಿ ದಾಖಲಿಸುವ ಪದ್ಧತಿಯಿಲ್ಲದ ಶತಮಾನಗಳಲ್ಲಿ ಈ ಕಾರ್ಯವು ಅತ್ಯಂತ ಮಹತ್ವದ್ದಾಗಿತ್ತು. ಆ ಸಾಕ್ಷಿಗೆ ಸಲ್ಲುವ ಮರ್ಯಾದೆಯೇ ವೀಳ್ಯ.

ವೀಳ್ಯಕ್ಕೆ ಈ ಅರ್ಥವು ಹೇಗೆ ಬಂದಿತೆಂಬದನ್ನು ನುಡಿಯೇ ಹೇಳುವದು. ಯುದ್ಧಕ್ಕೆ ಹೊರಡುವ ವೀರನು ಒಡೆಯನಿಂದ ರಣವೀಳ್ಯವನ್ನು ಪಡೆಯುತ್ತಿದ್ದನು. ಅದನ್ನು ಕೈಗೆ ತೆಗೆದುಕೊಂಡನೆಂದರೆ ಕಾರ್ಯವನ್ನು ಒಪ್ಪಿಕೊಂಡನೆಂದೇ ಅರ್ಥ. ಹೆಣ್ಣು ಗಂಡುಗಳ ಕಡೆಯವರು ಮಾತು ಮುಗಿಸಿ ಎಲೆಯಡಿಕೆಯನ್ನು ಬದಲಾಯಿಸಿಕೊಳ್ಳುವದಕ್ಕೆ ದಕ್ಷಿಣದ ಸೀಮೆಗಳಲ್ಲಿ ‘ಒಪ್ಪುವೀಳ್ಯ’ವೆಂಬ ಹೆಸರಿರುವದನ್ನು 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರಟ ಮೈಸೂರಿನ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ನಂಜುಂಡಯ್ಯನವರೂ ಅನಂತಕೃಷ್ಣ ಅಯ್ಯರರೂ ದಾಖಲಿಸಿರುವರು. ಕರೆಯುವದಕ್ಕೆ ವೀಳ್ಯ, ಒಪ್ಪುವದಕ್ಕೆ ವೀಳ್ಯ, ಬೀಳ್ಕೊಡುವದಕ್ಕೆ ವೀಳ್ಯ. ಮೂರು ಕಡೆಗಳಲ್ಲಿಯೂ ಅದು ಬೆಲೆಯುಳ್ಳ ವಸ್ತುವಲ್ಲ, ಮಾತಿನ ಗುರುತು.

ಅರಸರ ಆಸ್ಥಾನಗಳಲ್ಲಿಯೂ ಇದೇ ರೂಢಿಯು ವೈಭವದಿಂದ ನಡೆಯುತ್ತಿದ್ದಿತು. ಕಲ್ಯಾಣದ ಚಾಲುಕ್ಯ ದೊರೆಯಾದ ಮುಮ್ಮಡಿ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲಭೋಗಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿರುವನು. 14ನೆಯ ಶತಮಾನದಲ್ಲಿ ಹಿಂದುಸ್ಥಾನವನ್ನು ಸುತ್ತಿದ ಮೊರಾಕ್ಕೋದ ಇಬ್ನ್ ಬತೂತನು, ಈ ಜನರು ಐದು ಎಲೆಗಳ ತಾಂಬೂಲವನ್ನು ಬೆಳ್ಳಿಬಂಗಾರಗಳಿಗಿಂತ ಮಿಗಿಲಾದ ಮನ್ನಣೆಯೆಂದು ಎಣಿಸುವರೆಂದು ಬೆರಗಿನಿಂದ ಬರೆದಿರುವನು. 1443ರಲ್ಲಿ ಹೇರಾತದ ಶಾರುಖ ಸುಲ್ತಾನನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನು ಭೆಟ್ಟಿಯ ಕೊನೆಯಲ್ಲಿ ಎರಡು ಕಟ್ಟು ವೀಳ್ಯದೆಲೆಯನ್ನೂ, ಐನೂರು ಪಣಗಳ ಚೀಲವನ್ನೂ, ಕರ್ಪೂರವನ್ನೂ ಕೊಡಿಸುತ್ತಿದ್ದನು. ಪಣವು ರಾಯಭಾರಿಯ ಖರ್ಚಿಗೆ. ಎಲೆಯು ಅವನ ಮಾನಕ್ಕೆ.

ಎಲೆಯಡಿಕೆಯನ್ನೇ ಹಿಂದಿನವರು ಏಕೆ ಆರಿಸಿಕೊಂಡರು? ಇದಕ್ಕೆ ಕಾರಣಗಳು ಮೂರು. ಅದು ಎಲ್ಲ ಅಂತಸ್ತಿನ ಮನೆಗಳಲ್ಲಿಯೂ ಇರತಕ್ಕ ವಸ್ತು. ಬಡವನ ಎಲೆಗೂ ಸಾಹುಕಾರನ ಎಲೆಗೂ ಬಹಳ ವ್ಯತ್ಯಾಸವಿಲ್ಲ. ಅದು ಕೆಲವು ದಿನಗಳಲ್ಲಿ ಬಾಡುವದು. ಆದುದರಿಂದ ಕೂಡಿಡಲು ಬಾರದು. ಅದನ್ನು ಪಡೆದವನು ಅಲ್ಲಿಯೇ ಮೆಲ್ಲುವನು. ಮನೆಗೆ ಮುಟ್ಟುವಷ್ಟರಲ್ಲಿ ಬಾಯಿಯ ಕೆಂಪು ಮಾತ್ರ ಉಳಿದು ಕೊಡುಗೆಯು ಮುಗಿದುಹೋಗಿರುವದು. ಮುಗಿದುಹೋದ ವಸ್ತುವು ಸಾಲವಾಗಿ ಉಳಿಯಲಾರದು. ಇದೇ ವೀಳ್ಯದ ಗುಣವು. ಬಹುದೂರದ ಇಟಲಿಯಲ್ಲಿಯೂ ಮದುವೆಗೆ ಬಂದವರಿಗೆ ಸಕ್ಕರೆ ಲೇಪಿಸಿದ ಐದು ಬಾದಾಮಿಗಳನ್ನು ಕೊಡುವ ಸಂಪ್ರದಾಯವಿರುವದು. ಅಲ್ಲಿಯೂ ಬಾಯಿಗೆ ಹೋಗುವ ಅಲ್ಪವಸ್ತುವೇ ಅತಿಥಿಯ ಮರ್ಯಾದೆಗೆ ಸಾಕೆಂದು ಹಿಂದಿನವರು ತಿಳಿದರೆಂಬದು ಗಮನಿಸತಕ್ಕದ್ದು.

ಅಲ್ಪವೆಂದ ಮಾತ್ರಕ್ಕೆ ವೀಳ್ಯವು ಸುಲಭವಾಗಿ ಕೂಡಿಬರುತ್ತಿದ್ದಿತೆಂದು ಭಾವಿಸಬಾರದು. ಕಲ್ಲೋಳಿಯ ಶಾಸನದ ಕಾಲಕ್ಕೇ ಸೇರಿದ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿರುವ ಬೆಳಗಾವಿಯ ರಟ್ಟ ಶಾಸನಗಳಲ್ಲಿ, ಲಾಟ ಮತ್ತು ಮಲೆಯಾಳ ದೇಶಗಳ ವ್ಯಾಪಾರಿಗಳೂ ಸೇರಿದ್ದ ವರ್ತಕ ಸಮೂಹವು ಅಲ್ಲಿಯ ರಟ್ಟ ಜಿನಾಲಯಕ್ಕೆ ತಮ್ಮ ಸರಕುಗಳ ಮೇಲೆ ಬಿಟ್ಟುಕೊಟ್ಟ ಆಯಗಳ ಪಟ್ಟಿಯಿರುವದು. ಎಲೆ, ಅಡಿಕೆ, ತೆಂಗಿನಕಾಯಿ, ಅರಿಸಿನ, ಶುಂಠಿ ಇವೆಲ್ಲ ಆ ಪಟ್ಟಿಯಲ್ಲಿ ಬರುವವು. ಮದುವೆಯ ಮನೆಯಲ್ಲಿ ತಟ್ಟೆಯ ಮೇಲೆ ಕೂಡುವ ವಸ್ತುಗಳೇ ಅಂದಿನ ಪೇಟೆಯ ಮುಖ್ಯ ಸರಕುಗಳೂ ಆಗಿದ್ದವೆಂಬದು ಇದರಿಂದ ವ್ಯಕ್ತವಾಗುವದು. ಎಲೆಯು ನೀರಾವರಿಯ ತೋಟಗಳಿಂದ ಬರುವದು. ಅಡಿಕೆಯು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯ ಮಲೆಸೀಮೆಯಿಂದಲೂ ಕೊಂಕಣದಿಂದಲೂ ಬರುವದು. ತೆಂಗು ಬಯಲುಸೀಮೆಗೆ ಘಟ್ಟವನ್ನೇರಿ ಬರಬೇಕು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೈಲುಮಾರ್ಗವು ಈ ಜಿಲ್ಲೆಯನ್ನು ಮುಟ್ಟುವ ವರೆಗೆ ಎತ್ತಿನ ಹೇರಿನ ಮೇಲೆಯೂ ಬಂಡಿಯ ಮೇಲೆಯೂ ಬರುತ್ತಿದ್ದ ತೆಂಗಿನಕಾಯಿಯನ್ನು ಬಂದವರಿಗೆಲ್ಲ ಹಂಚುವದು ಅನುಕೂಲಸ್ಥರ ಮಾತಾಗಿತ್ತು. ಮೈಸೂರು ಸೀಮೆಯಲ್ಲಿ ಫಲತಾಂಬೂಲವೆಂದರೆ ತೆಂಗಿನಕಾಯಿಯು ಇರಲೇಬೇಕೆಂಬ ಭಾವನೆಯಿರಲು, ಬೆಳಗಾವಿಯ ಬಯಲಿನಲ್ಲಿ ಕಾಯಿಯು ಮುಖ್ಯವಾಗಿ ಮುತ್ತೈದೆಯ ಉಡಿಗೆ ಮೀಸಲಾದುದರ ಕಾರಣವು ಭೂಗೋಳದಲ್ಲಿಯೂ ಇರಬೇಕು.

ಉಡಿ ತುಂಬುವದು ಹೆಂಗಸರ ವೀಳ್ಯವೆಂದರೆ ತಪ್ಪಾಗದು. ಅಕ್ಕಿ, ಕಾಯಿ, ಎಲೆ, ಅಡಿಕೆ, ಅರಿಸಿನದ ಬೇರು, ಉತ್ತತ್ತಿ, ಇವುಗಳ ಜೊತೆಗೆ ಕುಪ್ಪಸದ ಖಣ; ಇದನ್ನು ಸೆರಗಿನಲ್ಲಿ ಹಿಡಿದುಕೊಂಡು ತವರಿನಿಂದಲೋ ಬಂಧುಗಳ ಮನೆಯಿಂದಲೋ ಹೊರಟ ಹೆಣ್ಣುಮಗಳು ಬರಿದಾಗಿ ಹೋಗಲಿಲ್ಲವೆಂಬ ಸಮಾಧಾನವನ್ನು ಎರಡೂ ಮನೆಗಳಿಗೆ ತರುವಳು. ಖಣವು ಗುಳೇದಗುಡ್ಡದ ಮಗ್ಗಗಳಿಂದ ಬರುವದು. ತ್ರಿಕೋಣವಾಗಿ ಮಡಿಚಿದ ಅದರ ಅಂಚಿನ ಹೊಳಪಿಲ್ಲದೆ ಈ ಸೀಮೆಯ ಉಡಿಯು ಪೂರ್ಣವಾಗದು. ಇಲ್ಲಿಯೂ ವಸ್ತುವು ಉಪಯೋಗಕ್ಕೆ ಬರುವಂಥದೇ. ಅಕ್ಕಿಯು ಒಲೆಗೆ, ಅರಿಸಿನವು ಕೆನ್ನೆಗೆ, ಖಣವು ಮೈಗೆ.

ಇಷ್ಟೇ ಆಗಿದ್ದರೆ ಈ ಇತಿಹಾಸವು ಬರಿಯ ಸೊಗಸಿನ ಕಥೆಯಾಗುತ್ತಿತ್ತು. ಆದರೆ ಅಲ್ಪಬೆಲೆಯ ಎಲೆಯೂ ಕಲಹಕ್ಕೆ ಕಾರಣವಾದುದುಂಟು. ಎಲೆಯು ಎಲ್ಲರಿಗೂ ಒಂದೇ ಆಗಿದ್ದರೂ ಅದನ್ನು ಕೊಡುವ ಕ್ರಮವು ಒಂದೇ ಆಗಿರಲಿಲ್ಲ. ಮೊದಲ ವೀಳ್ಯವು ದೇವರಿಗೆ, ಆಮೇಲೆ ಗುರುವಿಗೆ, ಆಮೇಲೆ ನಾಡಿನ ಮತ್ತು ಊರಿನ ಪ್ರಮುಖರಿಗೆ ಎಂದು ಸಾಲು ನಡೆಯುತ್ತಿದ್ದಿತು. ಪೇಶವೆಯವರ ಆಳಿಕೆಯಲ್ಲಿಯೂ 1818ರ ನಂತರ ಇಂಗ್ಲಿಷರ ಆಳಿಕೆಯಲ್ಲಿಯೂ ದೇಸಾಯಿ, ಪಾಟೀಲ, ಕುಲಕರ್ಣಿ ಮೊದಲಾದ ವತನದಾರರ ಹಕ್ಕುಗಳಲ್ಲಿ ‘ಮಾನಪಾನ’ವೆಂಬದೂ ಒಂದಾಗಿತ್ತು, ಆ ಶಬ್ದದಲ್ಲಿಯ ಪಾನವು ಈ ಎಲೆಯೇ. ಮದುವೆಯಲ್ಲಿ ಮೊದಲ ಎಲೆಯು ಯಾರ ಕೈಗೆ ಎಂಬ ಮಾತಿನಿಂದ ಹಂದರದಲ್ಲಿಯೇ ಜಗಳಗಳು ಹುಟ್ಟಿ ತಲೆಮಾರುಗಳ ವರೆಗೆ ಮುಂದುವರಿದುವು. ಇಂಥ ಮಾನದ ವ್ಯಾಜ್ಯಗಳು ನ್ಯಾಯಾಲಯಗಳನ್ನೂ ಏರಿದವು. ಯಾವದೊಂದು ಅಧಿಕಾರಕ್ಕಾಗಲಿ ಆಸ್ತಿಗಾಗಲಿ ಅಂಟಿಕೊಂಡಿರದ ಬರಿಯ ಮಾನಮರ್ಯಾದೆಯ ಸಲುವಾಗಿ ದಿವಾಣಿ ದಾವೆಯು ನಡೆಯಲಾರದೆಂಬದು ನ್ಯಾಯಾಲಯಗಳು ತಳೆದ ನಿಲುವು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 9ನೆಯ ಕಲಮು ಇದೇ ವಿಚಾರಕ್ಕೆ ಆಧಾರವಾಗಿರುವದು. ನ್ಯಾಯಾಧೀಶರು ಬಗೆಹರಿಸಲೊಲ್ಲದ ಪ್ರಶ್ನೆಯನ್ನು ಮನೆಯ ಯಜಮಾನನು ಒಂದು ತಟ್ಟೆಯನ್ನು ಕೈಯಲ್ಲಿ ಹಿಡಿದು ಬಗೆಹರಿಸಬೇಕಾಗಿತ್ತು.

ಸಾಲಿನ ಕೊನೆಯಲ್ಲಿ ನಿಂತವರ ಮಾತನ್ನೂ ಇಲ್ಲಿ ಮುಚ್ಚಿಡಲಾಗದು. ಮದುವೆಯ ಹಲಗೆಯನ್ನು ಬಾರಿಸಿದವರಿಗೂ, ಕಾಲಿನ ಜೋಡನ್ನು ಮಾಡಿಕೊಟ್ಟವರಿಗೂ ವೀಳ್ಯವು ಹಂದರದ ಹೊರಗೆ, ಕೈಗೆ ಕೈ ತಾಗದಂತೆ ಸಲ್ಲುತ್ತಿದ್ದಿತು. ಎಲ್ಲರಿಗೂ ಒಂದೇ ಎಲೆ ಎಂಬ ಮಾತು ಅಲ್ಲಿಗೆ ಬಂದು ನಿಂತುಬಿಡುತ್ತಿದ್ದಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಅಧಿನಿಯಮವು ಅದರ ಆಚರಣೆಯನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಅದರಂತೆಯೇ ಮುತ್ತೈದೆಯರಿಗೆ ಉಡಿ ತುಂಬುವ ಹೊತ್ತಿನಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕನೋ ಅತ್ತೆಯೋ ಒಳಕೋಣೆಯಲ್ಲಿ ಕೂತಿರುತ್ತಿದ್ದಳು. ಮದುವೆಯ ಅಡಿಗೆಗೆ ಅವಳ ಕೈ ಬೇಕು, ಉಡಿಗೆ ಅವಳ ಸೆರಗು ಬೇಡ. ಈ ವಿಷಯದಲ್ಲಿ ಯಾವ ಕಾನೂನೂ ಹುಟ್ಟಲಿಲ್ಲ. ಅದು ಮನೆಯವರೇ ತಿದ್ದಿಕೊಳ್ಳತಕ್ಕದ್ದಾಗಿ ಉಳಿದಿರುವದು. ಆದುದರಿಂದ ಏನನ್ನು ಕೊಡಬೇಕೆಂಬ ಪ್ರಶ್ನೆಯ ಒಳಗೆ ಯಾರಿಗೆ, ಹೇಗೆ ಕೊಡಬೇಕೆಂಬ ಪ್ರಶ್ನೆಯು ಯಾವಾಗಲೂ ಅಡಗಿರುವದು. ಎರಡನೆಯದಕ್ಕೆ ಸರಿಯಾದ ಉತ್ತರವು ಸಿಗದಿದ್ದರೆ ಮೊದಲನೆಯದಕ್ಕೆ ಎಷ್ಟು ವೆಚ್ಚ ಮಾಡಿದರೂ ವ್ಯರ್ಥ.

ಇನ್ನು ವೀಳ್ಯಕ್ಕೆ ಎದುರಾದ ಇನ್ನೊಂದು ಕೊಡುಗೆಯ ವಿಚಾರ. ಬಂಧುಗಳು ಮದುವೆಗೆ ತರುವ ಅರಿವೆ, ಪಾತ್ರೆ, ಹಣಗಳೂ, ಮದುವೆಯವರು ಬಂಧುಗಳಿಗೆ ಉಡಿಸುವ ಸೀರೆಧೋತರಗಳೂ ಈ ಸೀಮೆಯಲ್ಲಿ ‘ಆಯೇರಿ’ ಎನಿಸಿಕೊಳ್ಳುವವು. ಇದು ಮರಾಠಿಯ ‘ಆಹೇರ’ದ ಕನ್ನಡ ರೂಪ. ‘ಉಡುಗೊರೆ’ ಎಂಬ ಶಬ್ದದಲ್ಲಿಯೂ ಉಡುವ ಬಟ್ಟೆಯ ಅರ್ಥವೇ ಅಡಗಿರುವದು. ಆಯೇರಿಯು ಹಾಗೆಯೇ ಮುಗಿದುಹೋಗುವದಲ್ಲ. ಯಾರು ಎಷ್ಟು ಕೊಟ್ಟರೆಂಬದನ್ನು ಒಬ್ಬನು ಮೂಲೆಯಲ್ಲಿ ಕೂತು ವಹಿಯಲ್ಲಿ ಬರೆದುಕೊಳ್ಳುವನು. ಮುಂದೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಆ ವಹಿಯನ್ನು ತೆರೆದು ನೋಡುವರು. ಹೀಗೆ ಮರಳಿ ಸಲ್ಲಿಸಬೇಕಾದ ಕೊಡುಗೆಗೆ ಕನ್ನಡದಲ್ಲಿ ‘ಮುಯ್ಯಿ’ ಎಂದು ಹೆಸರು. ‘ಮುಯ್ಯಿ ತೀರಿಸು’ ಎಂದರೆ ಉಪಕಾರಕ್ಕೆ ಪ್ರತಿಯಾಗಿ ಉಪಕಾರವನ್ನು ಮಾಡುವದೂ ಹೌದು, ಹಗೆಯನ್ನು ತೀರಿಸಿಕೊಳ್ಳುವದೂ ಹೌದು. ಕೊಡುಗೆಗೂ ಸೇಡಿಗೂ ಒಂದೇ ಶಬ್ದವನ್ನಿಟ್ಟ ಜನರು ಕೊಡುಗೆಯ ಮರ್ಮವನ್ನು ಬಲ್ಲವರಾಗಿದ್ದರು. 1925ರಲ್ಲಿ ಕೊಡುಗೆಯನ್ನು ಕುರಿತು ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ ಫ್ರೆಂಚ್ ಪಂಡಿತನಾದ ಮಾರ್ಸೆಲ್ ಮೋಸನು, ಜರ್ಮನಿಕ್ ಭಾಷೆಗಳಲ್ಲಿ ಕೊಡುಗೆಗೂ ವಿಷಕ್ಕೂ ಒಂದೇ ಶಬ್ದವು ನಿಂತುದನ್ನು ಎತ್ತಿ ತೋರಿಸಿ, ಪಡೆದವನು ಮರಳಿ ಕೊಡಲೇಬೇಕಾಗುವ ಬಂಧನವನ್ನು ವಿವರಿಸಿದನು. ಕನ್ನಡದ ‘ಮುಯ್ಯಿ’ಯು ಅವನ ಸಿದ್ಧಾಂತಕ್ಕೆ ಒಪ್ಪುವ ಉದಾಹರಣೆಯಾಗುವದು.

ಮುಯ್ಯಿಯ ಭಾರವು ಎಷ್ಟೆಂಬದನ್ನು ಕುರಿತು ಸರಕಾರದ ಮಟ್ಟದಲ್ಲಿಯೂ ಚರ್ಚೆಯು ನಡೆದುದುಂಟು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ವಿರುದ್ಧ ದಂಗೆಯೆದ್ದಾಗ ಅದರ ಕಾರಣಗಳನ್ನು ವಿಚಾರಿಸಲು ನೇಮಿಸಿದ ಆಯೋಗವು, ರೈತರ ಸಾಲಕ್ಕೆ ಮದುವೆಮುಂಜಿಗಳ ವೆಚ್ಚವೇ ಕಾರಣವೆಂದು ಹೇಳುವದರಲ್ಲಿ ಅತಿಶಯೋಕ್ತಿಯಿರುವದೆಂದು ಅಭಿಪ್ರಾಯಪಟ್ಟಿತು. ಐವತ್ತು ವರ್ಷಗಳ ತರುವಾಯ, 1925ರಲ್ಲಿ, ಪಂಜಾಬದ ರೈತರ ಸಾಲವನ್ನು ಕುರಿತು ಬರೆದ ಮಾಲ್ಕಮ್ ಡಾರ್ಲಿಂಗರು ಮದುವೆಯ ದುಂದುವೆಚ್ಚವನ್ನು ಸಾಲದ ಮುಖ್ಯ ಕಾರಣಗಳ ಸಾಲಿನಲ್ಲಿಯೇ ಇಟ್ಟರು. ಎರಡು ಅಭಿಪ್ರಾಯಗಳಲ್ಲಿಯೂ ಸತ್ಯಾಂಶವಿರಬಹುದು. ಮಳೆಯಿಲ್ಲದ ವರ್ಷದ ಸಾಲಕ್ಕೆ ಮದುವೆಯು ಕಾರಣವಲ್ಲ. ಆದರೆ ಮಳೆಯಾದ ವರ್ಷವೂ ಸಾಲವು ತೀರದಿದ್ದರೆ ಆಯೇರಿಯ ವಹಿಯನ್ನು ಒಮ್ಮೆ ನೋಡುವದು ಯೋಗ್ಯ. ಮದುವೆಯ ಮೇಲೆ ಸುಂಕವನ್ನು ಹೇರಿದ ಅರಸರೂ ಉಂಟು, ಅದನ್ನು ಬಿಟ್ಟುಕೊಟ್ಟವರೂ ಉಂಟು; 16ನೆಯ ಶತಮಾನದ ವಿಜಯನಗರದ ಅನೇಕ ಶಾಸನಗಳು ಮದುವೆಯ ಸುಂಕದ ಮಾಫಿಯನ್ನು ಪುಣ್ಯಕಾರ್ಯವೆಂದು ಸಾರುವವು. ಅರಸನು ಬಿಟ್ಟ ಸುಂಕವನ್ನು ನೆಂಟರು ಒಬ್ಬರ ಮೇಲೊಬ್ಬರು ಹೇರಿಕೊಂಡುದು ವಿಚಿತ್ರವೇ ಸರಿ.

ಈ ಸೀಮೆಯ ಕೈಗಾರಿಕೆಗಳೂ ಆಯ್ಕೆಯನ್ನು ಕಾಲಕಾಲಕ್ಕೆ ಮಾರ್ಪಡಿಸಿದವು. ಗೋಕಾಕವು ಹಿಂದೆ ನೇಯ್ಗೆಗೂ ಬಣ್ಣಗಾರಿಕೆಗೂ ಹೆಸರಾಗಿದ್ದುದನ್ನೂ, ಹಗುರ ಕಟ್ಟಿಗೆಯಲ್ಲಿ ಮಾಡಿದ ಅಲ್ಲಿಯ ಗೊಂಬೆಗಳನ್ನೂ 1884ರ ಬೆಳಗಾವಿ ಗ್ಯಾಜೆಟಿಯರು ಉಲ್ಲೇಖಿಸುವದು. ನಿಜವಾದ ಹಣ್ಣಿನಂತೆಯೇ ಕಾಣುವ ಬಣ್ಣದ ಕಟ್ಟಿಗೆಯ ಹಣ್ಣುಗಳು ಮಕ್ಕಳ ಕೈಗೆ ಒಪ್ಪುವಂಥವು. 1887ರಲ್ಲಿ ಗೋಕಾಕ ಫಾಲ್ಸಿನ ಗಿರಣಿಯು ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯಲಾರಂಭಿಸಿತು. ಗಿರಣಿಯ ನೂಲು ಬಂದ ಮೇಲೆ ಅರಿವೆಯ ಆಯೇರಿಯು ಸಾಮಾನ್ಯರಿಗೂ ಎಟುಕಿತು, ಎಟುಕಿದ ಮೇಲೆ ಕೊಡದಿರುವದು ಕೊರತೆಯಾಗಿ ಕಂಡಿತು. 1897ರ ಧೂಪದಾಳದ ಬಂಧಾರದಿಂದ ನೀರು ಹರಿದು, ಬರುಬರುತ್ತ ಕಬ್ಬು ಹಬ್ಬಿ ಬೆಲ್ಲವು ಹೆಚ್ಚಿತು. ಬೆಲ್ಲ, ಕೊಬ್ಬರಿ, ಕರಿದ ಅಂಟು ಇವು ಸೇರಿದ ಕರದಂಟು ಮೊದಲು ಬಾಣಂತಿಯ ಪೌಷ್ಟಿಕ ಆಹಾರದ ಬಗೆಯದಾಗಿದ್ದು, ಈಗ ಗೋಕಾಕದ ಹೆಸರನ್ನು ಹೊತ್ತು ಮದು­ವೆಯ ಸಣ್ಣ ಪೆಟ್ಟಿಗೆಗಳಲ್ಲಿಯೂ ಕೂಡುತ್ತಿರುವದು.

ಎರಡನೆಯ ಮಹಾಯುದ್ಧದ ವರ್ಷಗಳು ಈ ವಿಷಯದಲ್ಲಿ ಒಂದು ಕಠಿಣ ಪಾಠವನ್ನು ಕಲಿಸಿದವು. 1943ರಲ್ಲಿ ಹತ್ತಿಯ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆಯು ಹೊರಟಿತು. ಮುಂಬಯಿ ಪ್ರಾಂತದಲ್ಲಿ ಧಾನ್ಯದ ರೇಶನ್ನು ಆರಂಭವಾಯಿತು. ಸಕ್ಕರೆಯೂ ಸೀಮೆಎಣ್ಣೆಯೂ ಅಳತೆಯ ಮೇಲೆ ಸಿಗತೊಡಗಿದವು. ಹಣವಿದ್ದವನಿಗೂ ಅರಿವೆಯು ದೊರೆಯದಾದಾಗ ಆಯೇರಿಯು ತಾನಾಗಿಯೇ ತಗ್ಗಲೇಬೇಕಾಯಿತು. ಮದುವೆಗಳು ಮಾತ್ರ ನಿಲ್ಲಲಿಲ್ಲ. ತೋಟದಲ್ಲಿ ಎಲೆಬಳ್ಳಿಯು ಮೊದಲಿನಂತೆಯೇ ಚಿಗುರುತ್ತಿತ್ತು. ಅರಿವೆಯಿಲ್ಲದೆ ನಡೆದ ಮದುವೆಗಳು ಎಲೆಯಡಿಕೆಯಿಂದಲೇ ಸಾಂಗವಾದವು, ಆ ದಾಂಪತ್ಯಗಳಿಗೆ ಅದರಿಂದ ಯಾವ ಕುಂದೂ ಬರಲಿಲ್ಲ.

ಆದರೆ ಅಭಾವವು ಕಲಿಸಿದ ಪಾಠವನ್ನು ಸಮೃದ್ಧಿಯು ಬೇಗನೆ ಮರೆಸುವದು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಹಿತ್ತಾಳೆತಾಮ್ರಗಳ ಸ್ಥಾನಕ್ಕೆ ತುಕ್ಕು ಹಿಡಿಯದ ಉಕ್ಕು ಬಂದಿತು. ಅದರ ಬೆನ್ನ ಹಿಂದೆಯೇ ಪ್ಲಾಸ್ಟಿಕ್ಕು ಬಂದಿತು. ಉಕ್ಕಿನ ಬಟ್ಟಲು, ಡಬ್ಬಿ, ತಟ್ಟೆಗಳ ಮೇಲೆ ವಧೂವರರ ಹೆಸರನ್ನೂ ತಾರೀಖನ್ನೂ ಕೆತ್ತಿಸಿ ಬಂದವರಿಗೆಲ್ಲ ಹಂಚುವದು ರೂಢಿಯಾಯಿತು. ಇದರಲ್ಲಿ ಪ್ರೀತಿಯಿಲ್ಲವೆಂದು ಹೇಳಲಾಗದು. ಆದರೂ ಒಂದು ಸೂಕ್ಷ್ಮವಾದ ಬದಲಾವಣೆಯು ಇಲ್ಲಿ ನಡೆದುಹೋಯಿತು. ಬಾಡುವ ಎಲೆಯು ಹೋಗಿ ಬಾಡದ ವಸ್ತುವು ಬಂದಿತು. ಅತಿಥಿಯ ಅಡಿಗೆಮನೆಯಲ್ಲಿ ಹೆಸರು ಹೊತ್ತು ಕೂತ ಡಬ್ಬಿಯು ಪ್ರತಿದಿನವೂ ಒಂದು ಮಾತನ್ನು ನೆನಪಿಸುವದು: ನಾಳೆ ಈ ಮನೆಯ ಮಗಳ ಮದುವೆಯಲ್ಲಿ ಇದಕ್ಕಿಂತ ಸಣ್ಣ ಡಬ್ಬಿಯನ್ನು ಕೊಡಲಾಗದು. ಹೀಗೆ ವೀಳ್ಯವು ತನ್ನ ಗುಣವನ್ನು ಬಿಟ್ಟು ಮುಯ್ಯಿಯಾಗಿ ಪರಿಣಮಿಸಿತು. ಸಾಕ್ಷಿಗೆ ಸಲ್ಲಬೇಕಾದ ಮರ್ಯಾದೆಯು ಸಾಲದ ವಹಿಯ ಒಂದು ಸಾಲಾಯಿತು. ಹಣವುಳ್ಳವನು ಕೊಟ್ಟ ಡಬ್ಬಿಗೆ ಹಣವಿಲ್ಲದವನು ಉತ್ತರ ಕೊಡಬೇಕಾಗಿ ಬಂದುದೇ ಇದರಲ್ಲಿಯ ಅನ್ಯಾಯವು.

ಕಾಯಿದೆಗಳೂ ಕೊಡುಕೊಳ್ಳುವ ವಿಷಯವನ್ನು ತಡೆದು ನೋಡಿರುವವು. 1961ರ ವರದಕ್ಷಿಣೆ ನಿಷೇಧ ಅಧಿನಿಯಮವೂ, ವಧೂವರರಿಗೆ ಬಂದ ಕಾಣಿಕೆಗಳ ಯಾದಿಯನ್ನಿಡಬೇಕೆಂದು ವಿಧಿಸಿದ 1985ರ ನಿಯಮಗಳೂ ವಧೂವರರಿಗೆ ಸಲ್ಲುವದನ್ನು ಮಾತ್ರ ಪರೀಕ್ಷಿಸುವವು. ಅತಿಥಿಗೆ ಸಲ್ಲುವದು ಅವುಗಳ ದೃಷ್ಟಿಗೆ ಬೀಳದು. ಆದರೆ 2016ರ ಮಾರ್ಚದಲ್ಲಿ ಕರ್ನಾಟಕ ಸರಕಾರವು ಪ್ಲಾಸ್ಟಿಕ್ ಕೈಚೀಲ ಮೊದಲಾದವುಗಳನ್ನು ನಿಷೇಧಿಸಿದಾಗ ತಾಂಬೂಲದ ಚೀಲವು ಮತ್ತೆ ಅರಿವೆಯದಾಗಬೇಕಾಯಿತು. ಪ್ಲಾಸ್ಟಿಕ್ಕನ್ನು ಕೈಬಿಟ್ಟ ಮನೆಗಳು ಏನನ್ನು ಆರಿಸಬೇಕೆಂದು ಮತ್ತೊಮ್ಮೆ ಯೋಚಿಸತೊಡಗಿದವು. ಸಸಿಗಳನ್ನು ಕೊಡುವವರೂ ಪುಸ್ತಕಗಳನ್ನು ಕೊಡುವವರೂ ಕಾಣಿಸಿಕೊಂಡರು. ಆಶೀರ್ವಾದವೇ ಉಡುಗೊರೆಯೆಂದು ಕರೆಯೋಲೆಯಲ್ಲಿಯೇ ಅಚ್ಚು ಹಾಕಿಸುವವರು ಹೆಚ್ಚಿದರು. ಇದಕ್ಕೂ ಮೊದಲು, 1966ರಲ್ಲಿ, ಕುವೆಂಪುರವರು ಮಂತ್ರಮಾಂಗಲ್ಯವೆಂಬ ಸರಳ ವಿಧಾನದಿಂದ ತಮ್ಮ ಮಗನ ಮದುವೆಯನ್ನು ಮಾಡಿ ದಾರಿ ತೋರಿದ್ದರು; 1972ರಿಂದ ಧರ್ಮಸ್ಥಳದಲ್ಲಿ ನಡೆಯುತ್ತ ಬಂದ ಸಾಮೂಹಿಕ ವಿವಾಹಗಳು ಸಾವಿರಾರು ಬಡ ಕುಟುಂಬಗಳನ್ನು ಸಾಲದಿಂದ ಉಳಿಸಿದವು.

ಈ ಎಲ್ಲವನ್ನೂ ಸೇರಿಸಿ ನೋಡಲಾಗಿ ಕೊಡುವದರಲ್ಲಿ ಮೂರು ಬಗೆಗಳು ಸ್ಪಷ್ಟವಾಗಿ ತೋರುವವು. ಧಾರೆಯು ಮರಳಿ ಬಾರದ್ದು. ಅದು ಮಗಳಿಗೆ, ಗುಡಿಗೆ, ಬಸದಿಗೆ ತಕ್ಕುದು. ಮುಯ್ಯಿಯು ಮರಳಿ ಬರಲೇಬೇಕಾದ್ದು. ಅದು ಹತ್ತಿರದ ಬಂಧುಗಳೊಳಗೆ, ಕಷ್ಟಕಾಲದ ಪರಸ್ಪರ ಸಹಾಯವಾಗಿ, ಹಿತಮಿತವಾಗಿದ್ದರೆ ತಕ್ಕುದು. ಹೊಸ ಸಂಸಾರಕ್ಕೆ ಪಾತ್ರೆಪಡಗಗಳು ಕೂಡಿದ್ದೂ ಅದರಿಂದಲೇ. ವೀಳ್ಯವು ಕೊಟ್ಟಲ್ಲಿಯೇ ಮುಗಿಯುವದು. ಅದು ಅತಿಥಿಗೆ ತಕ್ಕುದು. ಈ ಮೂರನ್ನು ಬೆರಸಿದಾಗಲೇ ಮನೆಗಳಿಗೆ ಕಷ್ಟವು ಬಂದಿತು.

ಆದುದರಿಂದ ಅತಿಥಿಯ ಕೈಗೆ ಇಡುವ ವಸ್ತುವನ್ನು ಆರಿಸುವಾಗ ಅದರ ಬೆಲೆಯನ್ನು ಕೇಳುವದಕ್ಕಿಂತ ಬೇರೆ ಮೂರು ಮಾತುಗಳನ್ನು ಕೇಳುವದು ಯೋಗ್ಯ. ಊರಿನ ಪ್ರಮುಖನಿಗೂ ಹಲಗೆ ಬಾರಿಸಿದವನಿಗೂ, ಮುತ್ತೈದೆಗೂ ಒಳಕೋಣೆಯ ಅತ್ತೆಗೂ ಅದನ್ನೇ, ಅದೇ ಕೈಯಿಂದ ಕೊಡಬಹುದೇ? ಅದು ತಿಂದೋ ಉಟ್ಟೋ ನೆಟ್ಟೋ ಸಾರ್ಥಕವಾಗುವದೇ? ನಾಳೆ ಬಡವನಾದ ಅತಿಥಿಯು ತನ್ನ ಮನೆಯ ಮದುವೆಯಲ್ಲಿ ನಾಚಿಕೆಯಿಲ್ಲದೆ ಅಷ್ಟನ್ನೇ ಕೊಡಬಲ್ಲನೇ? ಹೌದೆಂಬ ಉತ್ತರವು ಬಂದರೆ, ಅದು ಐದು ಎಲೆಗಳಾಗಿರಲಿ, ಒಂದು ಅಚ್ಚು ಬೆಲ್ಲವಾಗಿರಲಿ, ಕರದಂಟಿನ ಒಂದು ತುಂಡಾಗಿರಲಿ, ಆಯ್ಕೆಯು ಸರಿಯಾದುದೇ.

ಕಲ್ಪೊಳೆಯ ದತ್ತಿಯ ದಿನ ನೆರೆದವರ ಕೈಗೆ ಏನನ್ನು ಇಟ್ಟರೆಂಬದನ್ನು ಕಲ್ಲು ಹೇಳುವದಿಲ್ಲ. ಅವರು ಕಂಡ ಕಾರ್ಯವನ್ನು ಮಾತ್ರ ಹೇಳುವದು. ಮದುವೆಯ ಅತಿಥಿಯಿಂದಲೂ ಮನೆಯವರು ಬಯಸುವದು ಅಷ್ಟೇ. ಕೈಯ ಎಲೆಯು ಮುಗಿದ ಮೇಲೂ, ‘ಆ ಮದುವೆಗೆ ಹೋಗಿದ್ದೆವು’ ಎಂದು ಅವನು ಸಂತೋಷದಿಂದ ಹೇಳುವಂತಾದರೆ ವೀಳ್ಯವು ತನ್ನ ಕೆಲಸವನ್ನು ಮಾಡಿದಂತೆಯೇ ಸರಿ.